ಗುಳಿಗೆ ನುಂಗಿ ಓಡಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ಧಾರವಾಡದ ರೂಮಿನಿಂದ ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ಕಾಲಿನ ಎಲುಬು ನೋಯಾಕತ್ತೈತಿ, ಯಾವ ಗುಳಗಿ ತಗೋಬೇಕು?" ಅದಕ್ಕೇ ಈ ಪತ್ರ.

ಮೂರು ವರ್ಷದ ಹಿಂದೆ ಅದೇ ರೂಮಿನಲ್ಲಿ ಅವಳ ಹಾಗೇ ನೇಮಕಾತಿಗೆ ತಯಾರಿ ಮಾಡುತ್ತಾ ನಾನಿದ್ದೆ. ಎಸ್‌ಎಸ್‌ಸಿ ಜಿಡಿ (ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ನೇಮಕಾತಿ) ಫಿಸಿಕಲ್‌ನಲ್ಲಿ, ಅಂದರೆ ದೈಹಿಕ ಪರೀಕ್ಷೆಯಲ್ಲಿ, ಹುಡುಗಿಯರು 1.6 ಕಿ.ಮೀ. ದೂರವನ್ನು ಎಂಟೂವರೆ ನಿಮಿಷದಲ್ಲಿ ಮುಗಿಸಬೇಕು. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ 2 ನಿಮಿಷ 7 ಸೆಕೆಂಡು. ಲಿಖಿತ ಪರೀಕ್ಷೆ ಮುಗಿಯುವವರೆಗೂ ಪುಸ್ತಕ ಬಿಟ್ಟು ಏಳದವಳು, ರಿಸಲ್ಟ್ ಬಂದ ಮರುದಿನದಿಂದಲೇ ಎರಡೂ ಹೊತ್ತು ಡಾಂಬರು ರಸ್ತೆಯಲ್ಲಿ ಓಡತೊಡಗಿದೆ.

ಮೂರನೇ ವಾರಕ್ಕೆ ಮೊಣಕಾಲಿನ ಕೆಳಗೆ, ಎಲುಬಿನ ಒಳಬದಿಗೆ ಗೇಣುದ್ದ ನೋವು ಬಂತು. ಗ್ರೌಂಡಿನಲ್ಲಿ ಇದನ್ನು ಶಿನ್ ಪೇನ್ ಅಂತಾರೆ. ಮೈ ಬಿಸಿಯಾದ ಮೇಲೆ ಕಡಿಮೆ ಆಗುತ್ತಿತ್ತು. ಎಲ್ಲರಿಗೂ ಬರುತ್ತದೆ, ಓಡುತ್ತಾ ಹೋಗುತ್ತದೆ ಎಂದರು ಓಡಿಸುವವರು. ಆಗಲೇ ಓಟ ನಿಲ್ಲಿಸಿ ಕಾಲಿಗೆ ಬಿಡುವು ಕೊಡಬೇಕಿತ್ತು. ನಾನು ನೋವಿನ ಗುಳಿಗೆ ನುಂಗಿ ಓಡಿದೆ. ಹಗುರಾದರೆ ಚೆನ್ನಾಗಿ ಓಡಬಹುದು ಅಂತ ರಾತ್ರಿ ಊಟವನ್ನೂ ಬಿಟ್ಟಿದ್ದೆ.

ಆಮೇಲೆ ನೋವಿನ ರೀತಿಯೇ ಬೇರೆಯಾಯಿತು. ಗೇಣುದ್ದ ಇದ್ದದ್ದು ಒಂದು ಬೆರಳಿಟ್ಟು ತೋರಿಸುವಷ್ಟು ಜಾಗಕ್ಕೆ ಬಂತು. ರಾತ್ರಿ ಮಲಗಿದರೂ ಬಿಡಲಿಲ್ಲ. ಆ ಕಾಲಿನಲ್ಲಿ ಕುಂಟಾಟ ಆಡುವ ಹಾಗೆ ಒಂದು ಸಲ ಜಿಗಿಯಲೂ ಆಗಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐಯಲ್ಲಿ ಎಲುಬು ಸಣ್ಣಗೆ ಬಿರುಕು ಬಿಟ್ಟದ್ದು ಗೊತ್ತಾಯಿತು. "ಮುಟ್ಟು ಸರಿಯಾಗಿ ಆಗ್ತಿದೆಯಾ?" ಎಂದು ಡಾಕ್ಟರಮ್ಮ ಕೇಳಿದರು. ಎರಡು ತಿಂಗಳಿಂದ ಆಗಿರಲಿಲ್ಲ. ಓಟ ಹೆಚ್ಚಿ ಊಟ ಕಡಿಮೆಯಾದರೆ ಮುಟ್ಟು ನಿಲ್ಲಬಹುದು, ಎಲುಬಿನ ಗಟ್ಟಿತನವೂ ಹೋಗುತ್ತದೆ ಎಂದು ವಿವರಿಸಿದರು. ಓಡುವ ಹುಡುಗಿಯರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕಲ್ವಾ? ನಾಚಿಕೆಯಿಂದ ನಾವೂ ಕೇಳುವುದಿಲ್ಲ.

ಎಂಟು ವಾರ ಓಟ ಬಂದ್. ಆ ಸಲದ ಫಿಸಿಕಲ್ ಕೈತಪ್ಪಿತು. ಡಾಕ್ಟರಮ್ಮ ಸರಿ ಅಂದ ಮೇಲೆ ಮೊದಲು ಸೈಕಲ್. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ. ನಂತರ ಮಣ್ಣಿನ ಮೈದಾನದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಅದೂ ದಿನ ಬಿಟ್ಟು ದಿನ. ನೋವು ಮತ್ತೆ ಕಂಡರೆ ಹಿಂದಿನ ವಾರದಷ್ಟಕ್ಕೇ ವಾಪಸ್. ರಾತ್ರಿ ಹೊಟ್ಟೆ ತುಂಬ ರೊಟ್ಟಿ, ಪಲ್ಯ, ಹಾಲು. ಮುಂದಿನ ನೇಮಕಾತಿಯಲ್ಲಿ 8 ನಿಮಿಷ 10 ಸೆಕೆಂಡಿಗೆ ಮುಗಿಸಿದೆ.

ತಂಗಿಯ ಓಟ ಸದ್ಯಕ್ಕೆ ಬಿಡಿಸಿದ್ದೇನೆ. ನಾಡಿದ್ದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಫಿಸಿಕಲ್ ದಿನಾಂಕದ ಸುದ್ದಿ ಹಾಕುವಾಗ ನೀವು ಅದರ ಪಕ್ಕದಲ್ಲೇ ಎಲುಬಿನ ಡಾಕ್ಟರ ನಾಲ್ಕು ಮಾತನ್ನೂ ಹಾಕಿ. ಆ ಸುದ್ದಿಯನ್ನು ಈ ಹುಡುಗರು ತಪ್ಪದೆ ಓದುತ್ತಾರೆ.

– ಒಬ್ಬ ಓದುಗಿ, ಸವದತ್ತಿ