ಕಂಪಾಸ್ ಪೆಟ್ಟಿಗೆಯ ಲೆಕ್ಕ

ಮಡಿಕೇರಿ

ಮಗಳೇ,

ಹೋದ ವಾರ ಫೋನಿನಲ್ಲಿ ನೀನು ಹೇಳಿದ್ದಕ್ಕೆ ‘ಹೂಂ’ ಎಂದಷ್ಟೇ ಅಂದು, ಮೆಣಸಿನ ರೇಟಿನ ಮಾತು ತೆಗೆದೆ. ಹಿತ್ತಿಲಿನ ಬಳ್ಳಿಯ ಬುಡದಲ್ಲಿ ಸಿಕ್ಕ, ಇಂಜೆಕ್ಷನ್ ಔಷಧಿಯ ಗಾಜಿನ ಆಂಪ್ಯೂಲ್‌ಗಳ ಮುರಿದ ಕತ್ತುಗಳನ್ನು ನೀನು ಕಂಪಾಸ್ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದೆಯಂತೆ. ಆಗ ನಿನಗೆ ಹತ್ತು ವರ್ಷ. ಅಮ್ಮನಿಗೂ ತೋರಿಸಲಿಲ್ಲವಂತೆ. ಆಡಲಾಗದ ಉತ್ತರವನ್ನು ಬರೆದಾದರೂ ಕಳುಹಿಸೋಣವೆಂದು ಕುಳಿತಿದ್ದೇನೆ.

ಊರಿನಲ್ಲಿ ನನಗಿದ್ದ ಹೆಸರು ನಿನಗೆ ಗೊತ್ತು: ಕುಡಿಯದ ಡಾಕ್ಟರು. ಮದುವೆ ಮನೆಯಲ್ಲಾಗಲಿ ಹುತ್ತರಿಯಲ್ಲಾಗಲಿ ಯಾರು ಎಷ್ಟು ಒತ್ತಾಯಿಸಿದರೂ ಗ್ಲಾಸು ಮುಟ್ಟಿದವನಲ್ಲ. ಕೊಡಗಿನಲ್ಲಿ ಅದೂ ಒಂದು ಸಾಧನೆಯೇ. ಹೆಂಗಸರು ನನ್ನನ್ನು ತೋರಿಸಿ ಗಂಡಂದಿರಿಗೆ ಬುದ್ಧಿ ಹೇಳುತ್ತಿದ್ದರು. ಆ ದಿನಗಳಲ್ಲೇ ನನ್ನ ತೊಡೆಯ ಚರ್ಮ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಪೆಂಟಾಜೋಸಿನ್ ಎಂಬ ನೋವಿನ ಇಂಜೆಕ್ಷನ್ನನ್ನು ಚುಚ್ಚಿದಲ್ಲೇ ಚುಚ್ಚುತ್ತಾ ಹೋದರೆ ಹಾಗಾಗುತ್ತದೆ; ಆಮೇಲೆ ಹುಣ್ಣು. ಎಲ್ಲರೂ ಹೊಳೆಗೆ ಇಳಿದರೆ ಅಪ್ಪ ಮಾತ್ರ ಪ್ಯಾಂಟು ಹಾಕಿಕೊಂಡು ಬಂಡೆಯ ಮೇಲೆ ಯಾಕೆ ಕೂರುತ್ತಾರೆ ಎಂದು ಕೇಳುತ್ತಿದ್ದೆಯಲ್ಲ, ಇದಕ್ಕೇ.

ಶುರುವಾದದ್ದು ಮೂತ್ರಪಿಂಡದ ಕಲ್ಲಿನ ನೋವಿಗೆ. 1 ಮಿಲಿ, 30 ಮಿಲಿಗ್ರಾಂ. ಕಲ್ಲು ಹೋಯಿತು, ಸೂಜಿ ಉಳಿಯಿತು. ಔಷಧಿ ಸಿಗದ ದಿನ ಆಕಳಿಕೆ, ಮೂಗಿನಲ್ಲಿ ನೀರು, ಮೈಯೆಲ್ಲ ಮುಳ್ಳು, ಹೊಟ್ಟೆಯಲ್ಲಿ ನುಲಿತ. ಜ್ವರವೆಂದು ಮಲಗುತ್ತಿದ್ದೆ. ಗೇಟಿಗೆ ಬಂದ ರೋಗಿಗಳಿಗೆ ‘ಅಪ್ಪ ಸ್ನಾನಕ್ಕೆ ಹೋಗಿದ್ದಾರೆ’ ಎನ್ನುತ್ತಿದ್ದವಳು ನೀನು. ಆ ಸುಳ್ಳನ್ನು ಹೇಳಿಕೊಟ್ಟವನು ನಾನು. ಆಸ್ಪತ್ರೆಯ ದಾಸ್ತಾನು ಪುಸ್ತಕದಲ್ಲಿ ನಾನೇ ಬರೆದವು ಬೇರೆ: ಬಂದೇ ಇರದ ರೋಗಿ, ಕೊಟ್ಟೇ ಇರದ ಇಂಜೆಕ್ಷನ್.

ತರಬೇತಿಯೆಂದು ನಿನಗೆ ಹೇಳಿ ಬೆಂಗಳೂರಿಗೆ ಹೋದದ್ದು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ. ಎರಡು ಸಲ. ಮೊದಲ ಸಲ ಬಿಟ್ಟು ಬಂದವನು ನಾಲ್ಕು ತಿಂಗಳೂ ತಡೆಯಲಿಲ್ಲ. ಎರಡನೆಯ ಸಲ ಅಮ್ಮ ದಿನಾ ಬೆಳಿಗ್ಗೆ ನಾಲ್ಟ್ರೆಕ್ಸೋನ್ ಮಾತ್ರೆ ಕೊಟ್ಟು, ನುಂಗಿದ ಮೇಲೆ ಬಾಯಿ ತೆರೆಸಿ ನಾಲಿಗೆಯ ಕೆಳಗೂ ನೋಡುತ್ತಿದ್ದಳು. ಅದು ಮೈಯಲ್ಲಿದ್ದರೆ ಚುಚ್ಚಿಕೊಂಡರೂ ಅಮಲು ಏರುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ‘ಆ’ ಎಂದು ನಿಂತ ಡಾಕ್ಟರನ್ನು ನೆನೆದರೆ ಈಗ ನಗು ಬರುತ್ತದೆ. ಅಮ್ಮನಿಗೆ ಇನ್ನೂ ಬರುವುದಿಲ್ಲ.

ಕುಡಿತ, ಅಮಲು ಬಿಡಿಸುವ ಈ ಕೆಲಸಕ್ಕೆ ಬಂದದ್ದು ಯಾವ ಜ್ಞಾನೋದಯದಿಂದಲೂ ಅಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ಪರಿಹಾರ ಕೇಂದ್ರವೊಂದರಲ್ಲಿ ರಾತ್ರಿ ಪಾಳಿಗೆ ಹೋಗುತ್ತಿದ್ದೆ. ಕಾಫಿ ತೋಟದ ಲೈನ್ ಮನೆಯಿಂದ ಬಂದಿದ್ದ ಕಾರ್ಮಿಕನೊಬ್ಬ ಮೂರನೆಯ ರಾತ್ರಿ ಚಾಪೆಯ ಮೇಲೆ ಎದ್ದು ಕುಳಿತು, ಎಡಗೈಯಲ್ಲಿ ಇಲ್ಲದ ರೆಂಬೆಯೊಂದನ್ನು ಬಗ್ಗಿಸಿ ಹಿಡಿದು, ಬಲಗೈಯಿಂದ ಕಾಫಿ ಹಣ್ಣು ಬಿಡಿಸತೊಡಗಿದ. ಬಿಡಿಸಿದ್ದನ್ನು ಸೊಂಟದ ಚೀಲಕ್ಕೆ ಹಾಕುತ್ತಿದ್ದ. ಚೀಲವೂ ಇರಲಿಲ್ಲ. ಮೈಯೆಲ್ಲ ಬೆವರು, ನಡುಕ. ಗುಡ್ಡ ಬಿದ್ದದ್ದನ್ನು ಕಂಡು ತಲೆ ಕೆಟ್ಟಿದೆ ಎಂದರು ಕೆಲವರು, ಗಾಳಿ ಹಿಡಿದಿದೆ ಎಂದರು ಕೆಲವರು. ದಿನಾ ಕುಡಿಯುತ್ತಿದ್ದವನಿಗೆ ಮೂರು ದಿನದಿಂದ ಒಂದು ಹನಿ ಸಿಕ್ಕಿರಲಿಲ್ಲ, ಅಷ್ಟೇ. ಕುಡಿತ ಥಟ್ಟನೆ ನಿಂತಾಗ ಹೀಗೆ ಏಳುವ ಸನ್ನಿ ಪ್ರಾಣವನ್ನೇ ತೆಗೆಯಬಲ್ಲದು. ಗ್ಲೂಕೋಸ್ ಏರಿಸಲು ಹೊರಟ ನರ್ಸ್‌ಗೆ ಮೊದಲು ಥಯಾಮಿನ್, ಅಂದರೆ ಬಿ1 ವಿಟಮಿನ್, ಕೊಡಿ ಎಂದೆ. ಇಂಥವರ ಮೈಯಲ್ಲಿ ಅಳಿದುಳಿದ ಬಿ1 ಗ್ಲೂಕೋಸ್‌ಗೇ ಖರ್ಚಾಗಿ ಹೋದರೆ ಪೆಟ್ಟು ಬೀಳುವುದು ಮಿದುಳಿಗೆ. ಆಮೇಲೆ ಸನ್ನಿ ತಣಿಸುವ ಲೊರಾಜೆಪಾಮ್. ಆಂಪ್ಯೂಲಿನ ಕತ್ತನ್ನು ನಾನೇ ಮುರಿದೆ. ಆ ‘ಟಕ್’ ಸದ್ದಿಗೆ, ಅಷ್ಟು ವರ್ಷಗಳ ಮೇಲೂ, ತೊಡೆ ಜುಮ್ಮೆಂದಿತು.

ಬೆಳಗಿನ ಜಾವ ಅವನು ನನ್ನನ್ನು ತೋಟದ ರೈಟರ್ ಎಂದುಕೊಂಡು, ‘ಎಷ್ಟು ಕೆಜಿ ಆಯಿತು?’ ಎಂದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಹೆಂಡತಿಯ ಗುರುತು ಹಿಡಿದ. ಮುಂದಿನ ವಾರ ಅಂಥವರೇ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಅಲ್ಲಿಂದ ನಾನು ಬೇರೆ ರೋಗಿಗಳನ್ನು ನೋಡಿದ್ದೇ ಕಡಿಮೆ.

ಅವರೆದುರು ತೊಡೆಯ ಗುರುತುಗಳನ್ನು ತೋರಿಸಿಯೇ ಮಾತು ಶುರುಮಾಡುತ್ತೇನೆ. ನಾಚಿಕೆ ಆಗುವುದಿಲ್ಲ. ನಿನಗೆ ಎಲ್ಲ ಗೊತ್ತಿದೆ ಎಂಬುದು ನನಗೆ ಗೊತ್ತಿತ್ತು, ಆದರೆ ನನ್ನ ಬಾಯಿಂದ ಬಂದಿರಲಿಲ್ಲ.

ರಜೆಗೆ ಬಂದಾಗ ಅಟ್ಟದಲ್ಲಿ ಆ ಕಂಪಾಸ್ ಪೆಟ್ಟಿಗೆಯನ್ನು ಹುಡುಕೋಣ. ಆ ವರ್ಷಗಳ ನನ್ನ ಪುಸ್ತಕದ ಲೆಕ್ಕವಂತೂ ಪೂರಾ ಸುಳ್ಳು. ನೀನು ಎಣಿಸಿದ್ದೆಯಾ? ಎಣಿಸಿದ್ದರೆ, ಎಷ್ಟಿದ್ದವು ಎಂದು ಹೇಳು.

ನಿನ್ನ
ಅಪ್ಪ