ಬಕ್ಸ್‌ಟನ್ ಮನೆಯ ಹೆಣ್ಣುಮಕ್ಕಳನ್ನೂ ಬರಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಇಂಗ್ಲೆಂಡಿನ ಬಕ್ಸ್‌ಟನ್ ಮನೆತನದ ಕರಡನ್ನು ಪೂರ್ತಿ ಓದಿದೆ. ಇಸವಿಗಳು ಸರಿಯಾಗಿವೆ, ಬರವಣಿಗೆ ಹಗುರವಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ವಂಶವೃಕ್ಷದಲ್ಲಿ ಅಪ್ಪನ ಕೆಳಗೆ ಮಗ, ಮಗನ ಕೆಳಗೆ ಮೊಮ್ಮಗ, ಅಷ್ಟೇ ಇದೆ. ಮೊದಲನೇ ಬ್ಯಾರೊನೆಟ್ (ವಂಶಪಾರಂಪರ್ಯದ ಬಿರುದು ಪಡೆದವನು) ಥಾಮಸ್ ಫೋವೆಲ್, ಎರಡನೆಯವನು ಎಡ್ವರ್ಡ್ ನಾರ್ತ್, ಮೂರನೆಯವನು ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಆದವನು. ಬ್ಯಾರೊನೆಟ್ ಪದವಿ ಸಾಮಾನ್ಯವಾಗಿ ಇಳಿಯುವುದೇ ಹಾಗೆ, ಗಂಡುಸಂತಾನಕ್ಕೆ. 'ಸರ್' ಎನ್ನಿಸಿಕೊಂಡರೂ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಜಾಗವಿಲ್ಲ, ಆದ್ದರಿಂದ ಈ ಮನೆಯವರು ಚುನಾವಣೆಗೆ ನಿಂತು ಕೆಳಮನೆಯಾದ ಕಾಮನ್ಸ್ ಸಭೆಗೇ ಹೋದರು. ಇದನ್ನೆಲ್ಲ ನೀನು ಚೆನ್ನಾಗಿ ವಿವರಿಸಿದ್ದೀಯ.

ಆದರೆ ಮಗಳೇ, ಪದವಿಯ ಜಾಡು ಹಿಡಿದು ಹೋದರೆ ಗಂಡಸರೇ ಸಿಗುತ್ತಾರೆ. ಆ ಮನೆಗೆ ಹೆಸರು ತಂದ ಕೆಲಸದ ಜಾಡು ಹಿಡಿದು ನೋಡು. ಬ್ರಿಟಿಷ್ ವಸಾಹತುಗಳ ಗುಲಾಮಗಿರಿಯ ವಿರುದ್ಧ ಥಾಮಸ್ ಫೋವೆಲ್ ನಡೆಸಿದ ಹೋರಾಟದಲ್ಲಿ ಹೆಜ್ಜೆಹೆಜ್ಜೆಗೂ ಹೆಂಗಸರಿದ್ದಾರೆ.

ತಾಯಿಯಿಂದಲೇ ಶುರುಮಾಡು. 1786ರಲ್ಲಿ ಎಸೆಕ್ಸ್‌ನ ಕಾಸಲ್ ಹೆಡಿಂಗ್‌ಹ್ಯಾಮ್‌ನಲ್ಲಿ ಅವನು ಹುಟ್ಟಿದ. ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ಬೆಳೆಸಿದವಳು ತಾಯಿ ಆನಾ ಹ್ಯಾನ್‌ಬರಿ. ಅವಳು ಕ್ವೇಕರ್ ಎಂಬ ಕ್ರೈಸ್ತ ಪಂಥದವಳು. ಗುಲಾಮಗಿರಿಯನ್ನು ಪಾಪವೆಂದೇ ನಂಬಿದವಳು. 1808ರಲ್ಲಿ ಅವನಿಗೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದೂ ತಾಯಿಯ ಕಡೆಯ ಸೋದರಮಾವಂದಿರಿಂದ. ನಿನ್ನ ಕರಡಿನಲ್ಲಿ ಕಾರ್ಖಾನೆಗೆ ಒಂದು ಪುಟವಿದೆ, ತಾಯಿಗೆ ಒಂದು ಸಾಲು.

ಆಮೇಲೆ ನಾರಿಚ್ ಹತ್ತಿರದ ಅರ್ಲ್‌ಹ್ಯಾಮ್ ಮನೆ. ತುಂಬಿದ ಕುಟುಂಬದ ಗರ್ನಿಗಳ ಮನೆ ಅದು, ಅವರೂ ಕ್ವೇಕರರೇ. ಓದಿನಲ್ಲಿ ಹಿಂದುಳಿದಿದ್ದ ಹುಡುಗನಿಗೆ ಓದಬೇಕೆಂಬ ಹಟ ಬಂದದ್ದು ಅಲ್ಲಿಗೆ ಹೋಗಿಬರುತ್ತಿದ್ದಾಗ. ಆ ಮನೆಯ ಹ್ಯಾನಾಳನ್ನು 1807ರಲ್ಲಿ ಮದುವೆಯಾದ. ಹ್ಯಾನಾಳ ಅಕ್ಕ ಎಲಿಜಬೆತ್ ಫ್ರೈ ನ್ಯೂಗೇಟ್ ಜೈಲಿನ ಹೆಂಗಸರ ನಡುವೆ ಮಾಡುತ್ತಿದ್ದ ಕೆಲಸ ನೋಡಿಯೇ ಬಕ್ಸ್‌ಟನ್ 1818ರಲ್ಲಿ ಜೈಲುಗಳ ದುಸ್ಥಿತಿಯ ಬಗ್ಗೆ ಬರೆದ. ಅದೇ ವರ್ಷ ವೇಮತ್‌ನಿಂದ ಗೆದ್ದು ಸಂಸತ್ತಿಗೆ ಹೋದ. 2002ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಐದು ಪೌಂಡಿನ ನೋಟಿನ ಮೇಲೆ ಫ್ರೈ ಚಿತ್ರ ಹಾಕಿತು. ಅದರಲ್ಲಿ ಅವಳು ಜೈಲಿನಲ್ಲಿ ಓದಿ ಹೇಳುತ್ತಿದ್ದಾಳೆ, ಕನ್ನಡಕ ಹಾಕಿದ ಎತ್ತರದ ಬಕ್ಸ್‌ಟನ್ ಪಕ್ಕದಲ್ಲಿ ನಿಂತಿದ್ದಾನೆ. ಆ ನೋಟಿನ ಚಿತ್ರ ನಿನ್ನ ಪುಸ್ತಕದಲ್ಲಿರಲಿ.

1820-21ರ ಭಾಗವನ್ನು ನೀನು ತೀರ ಅವಸರದಲ್ಲಿ ದಾಟಿಸಿದ್ದೀಯ. 1820ರಲ್ಲಿ ಸುಮಾರು ಐದು ವಾರಗಳೊಳಗೆ ಆ ದಂಪತಿ ನಾಲ್ಕು ಮಕ್ಕಳನ್ನು ಕಳಕೊಂಡರು. ಮೊದಲು ಹಿರಿಯ ಮಗ, ಹಿಂದೆಯೇ ಮೂರು ಹೆಣ್ಣುಮಕ್ಕಳು. ಹ್ಯಾನಾಳ ತಂಗಿ ಪ್ರಿಸಿಲ್ಲಾ ಗರ್ನಿ ಮರುವರ್ಷ ಸಾಯುವ ಹೊತ್ತಿನಲ್ಲಿ ಭಾವನನ್ನು ಹತ್ತಿರ ಕರೆದು, ಗುಲಾಮರ ಕಷ್ಟವನ್ನು ಕೈಗೆತ್ತಿಕೋ ಎಂದು ಹೇಳಲು ಹೊರಟು ಮಾತು ಪೂರೈಸಲಾಗದೆ ಹೋದಳು. ಅದೇ ವರ್ಷದ ಮೇ ತಿಂಗಳಲ್ಲಿ, ಆವರೆಗೆ ಸಂಸತ್ತಿನಲ್ಲಿ ಈ ಹೋರಾಟ ನಡೆಸಿದ್ದ, ವಯಸ್ಸಾದ ವಿಲ್ಬರ್‌ಫೋರ್ಸ್ ಕಾಗದ ಬರೆದು ಹೋರಾಟದ ಮುಂದಾಳತ್ವ ವಹಿಸಿಕೊಳ್ಳುವಂತೆ ಕೇಳಿದ. ಎಲ್ಲ ಲೇಖಕರೂ ವಿಲ್ಬರ್‌ಫೋರ್ಸ್ ಕಾಗದದಿಂದ ಕಥೆ ಶುರುಮಾಡುತ್ತಾರೆ. ನೀನು ಪ್ರಿಸಿಲ್ಲಾಳ ಹಾಸಿಗೆಯ ಪಕ್ಕದಿಂದ ಶುರುಮಾಡು. ನಮ್ಮ ದೇಶದ ಕೊಂಡಿಯೂ ಅದೇ ವರ್ಷಕ್ಕಿದೆ: ಬಂಗಾಳದಲ್ಲಿ ವಿಧವೆಯರನ್ನು ಸುಡುವುದರ ಬಗ್ಗೆ ಬಕ್ಸ್‌ಟನ್ ಕಾಮನ್ಸ್ ಸಭೆಯಲ್ಲಿ ದಾಖಲೆ ಕೇಳಿದ್ದ.

ಸಭೆಯಲ್ಲಿ ಮಾತಾಡಲು ಅಂಕಿಅಂಶ ಬೇಕಲ್ಲ? ನಾರ್ಫೊಕ್‌ನ ನಾರ್ತ್‌ರೆಪ್ಸ್‌ನಲ್ಲಿ ಅವನ ತಂಗಿ ಸಾರಾ ಮರಿಯಾ, ಬಂಧು ಆನಾ ಗರ್ನಿ ಒಟ್ಟಿಗಿದ್ದರು. ಆನಾಗೆ ಮಗುವಾಗಿದ್ದಾಗಲೇ ಕಾಲಿನ ಶಕ್ತಿ ಹೋಗಿತ್ತು. ಗಾಲಿಕುರ್ಚಿಯಲ್ಲೇ ಕೂತು ಹಳೆಯ ಸ್ಯಾಕ್ಸನ್ ಇತಿಹಾಸವನ್ನು ಇಂಗ್ಲಿಷಿಗೆ ತಂದ ವಿದುಷಿ ಅವಳು. ಹತ್ತಿರದ ಕಡಲಲ್ಲಿ ಹಡಗು ಒಡೆದರೆ ಕುರ್ಚಿಯಲ್ಲೇ ದಡಕ್ಕೆ ಹೋಗಿ ರಕ್ಷಣೆಯ ಕೆಲಸಕ್ಕೆ ನಿಲ್ಲುತ್ತಿದ್ದಳಂತೆ. ಬಕ್ಸ್‌ಟನ್ನನ ಹೆಸರಲ್ಲಿ ಹೊರಬಂದ ಬರಹದ ಹಿಂದೆ ಈ ಮನೆಯ ಹೆಂಗಸರು ದಾಖಲೆ ಹುಡುಕಿ, ನಕಲು ಮಾಡಿ, ಜೋಡಿಸಿದ ದುಡಿಮೆಯಿದೆ. ಆನಾ ಗರ್ನಿಗೆ ಒಂದು ಇಡೀ ಅಧ್ಯಾಯ ಕೊಟ್ಟರೂ ಹೆಚ್ಚಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಅವನ ಮಗಳು ಪ್ರಿಸಿಲ್ಲಾ ಬಕ್ಸ್‌ಟನ್. ನಿನ್ನ ವೃಕ್ಷದಲ್ಲಿ ಅವಳ ಹೆಸರೇ ಇಲ್ಲ. 1833ರಲ್ಲಿ 1,87,000ಕ್ಕೂ ಹೆಚ್ಚು ಹೆಂಗಸರು ಸಹಿ ಮಾಡಿದ, ಗುಲಾಮಗಿರಿ ನಿಲ್ಲಿಸಿ ಎಂಬ ಮನವಿ ಸಂಸತ್ತಿಗೆ ಬಂತು. ಅದರ ಮೊದಲ ಸಹಿಗಳಲ್ಲೊಂದು ಇವಳದು. ಮತ ಹಾಕುವ ಹಕ್ಕಿಲ್ಲದವರು ಕಳಿಸಿದ ಆ ಸುರುಳಿ ಎತ್ತಲಿಕ್ಕೆ ನಾಲ್ಕು ಜನ ಸದಸ್ಯರು ಬೇಕಾದರು. ಅದೇ ವರ್ಷದ ಆಗಸ್ಟಿನಲ್ಲಿ ಗುಲಾಮಗಿರಿ ರದ್ದುಮಾಡುವ ಕಾನೂನಾಯಿತು. ಅದು ಜಾರಿಯಾದ 1834ರ ಆಗಸ್ಟ್ 1ರಂದೇ ಪ್ರಿಸಿಲ್ಲಾಳ ಮದುವೆಯೂ ನಡೆಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಅಂಥವಳು ಬಕ್ಸ್‌ಟನ್ ಇತಿಹಾಸದಿಂದ ಹೊರಗಾಗುತ್ತಾಳೆ. ಇದನ್ನು ನೀನು ಒಪ್ಪಬೇಡ.

ಇನ್ನೊಂದು ಮಾತು. ಮನೆತನದ ಮೇಲಿನ ಪ್ರೀತಿಗೆ ಕಹಿ ಸಂಗತಿ ಮುಚ್ಚಬೇಡ. ಆ ಕಾನೂನು 2 ಕೋಟಿ ಪೌಂಡ್ ಪರಿಹಾರ ಕೊಟ್ಟದ್ದು ಗುಲಾಮರ ಮಾಲೀಕರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಸುಮಾರು 8 ಲಕ್ಷ ಜನರಲ್ಲಿ ಹೆಚ್ಚಿನವರು 1838ರವರೆಗೆ 'ಅಪ್ರೆಂಟಿಸ್' ಎಂಬ ಹೆಸರಲ್ಲಿ ಅದೇ ತೋಟಗಳಲ್ಲಿ ಕಟ್ಟಿಬಿದ್ದಿದ್ದರು. ಜಮೈಕಾದಲ್ಲಿ 1831ರ ಕೊನೆಗೆ ಸ್ಯಾಮ್ಯುಯೆಲ್ ಶಾರ್ಪ್ ಮುಂದಾಳಾಗಿ ಎದ್ದ ದಂಗೆ, ಅವನನ್ನು ಗಲ್ಲಿಗೇರಿಸಿದ್ದು, ಇವನ್ನು ಬಿಟ್ಟು ಬಿಡುಗಡೆಯ ಕಥೆ ಹೇಳಿದರೆ ಎಲ್ಲವೂ ಇಂಗ್ಲೆಂಡಿನ ಒಂದು ಮನೆಯ ಜಗುಲಿಯಲ್ಲೇ ನಡೆಯಿತೆಂದು ಓದುವವರು ತಿಳಿದಾರು. 1841ರಲ್ಲಿ ಬಕ್ಸ್‌ಟನ್ನನ ಒತ್ತಾಯದಿಂದ ಆಫ್ರಿಕಾದ ನೈಜರ್ ನದಿಗೆ ಹೋದ ಹಡಗುಗಳ ಎಷ್ಟೋ ಜನ ಜ್ವರಕ್ಕೆ ಬಲಿಯಾದರು; ಆ ಕೊರಗಿನಿಂದ ಅವನು ಚೇತರಿಸಿಕೊಳ್ಳಲಿಲ್ಲ, 1845ರಲ್ಲಿ ತೀರಿಕೊಂಡ. ಅದನ್ನೂ ಬರಿ.

ಮೊದಲು ವೃಕ್ಷವನ್ನು ಹೊಸದಾಗಿ ಬಿಡಿಸು. ಹ್ಯಾನ್‌ಬರಿ, ಗರ್ನಿ, ಬಕ್ಸ್‌ಟನ್ ಮೂರೂ ಮನೆ ಒಂದೇ ಹಾಳೆಯಲ್ಲಿ ಬರಲಿ, ಹಾಳೆ ಚಿಕ್ಕದಾದರೆ ಇನ್ನೊಂದು ಅಂಟಿಸು. ತಿದ್ದಿದ ಮೇಲೆ ಕಳಿಸು, ಪೆನ್ಸಿಲ್ ಹಿಡಿದು ಕಾಯುತ್ತಿರುತ್ತೇನೆ.

ಇಂತಿ ನಿನ್ನ,
ದೊಡ್ಡಮ್ಮ