ಡೈಮೆಟ್ರೋಡಾನ್ ಡೈನೋಸಾರ್ ಅಲ್ಲ

ಸಂಪಾದಕರೇ,

ಕಳೆದ ವಾರ ನಿಮ್ಮ ಮಕ್ಕಳ ಪುಟದಲ್ಲಿ ಡೈನೋಸಾರ್‌ಗಳ ಸಾಲಿನಲ್ಲಿ ಡೈಮೆಟ್ರೋಡಾನ್ ಚಿತ್ರವೂ ಇತ್ತು. ಬೆನ್ನ ಮೇಲೆ ದೊಡ್ಡ ಹಾಯಿ ಇರುವ ಪ್ರಾಣಿ. ಅದು ಡೈನೋಸಾರ್ ಅಲ್ಲವೇ ಅಲ್ಲ. 27 ಕೋಟಿ ವರ್ಷಗಳಿಗೂ ಹಿಂದೆ ಬದುಕಿದ್ದ ಅದು, ಮೊದಲ ಡೈನೋಸಾರ್ ಹುಟ್ಟುವ ಎಷ್ಟೋ ಮೊದಲೇ ಅಳಿದು ಹೋಗಿತ್ತು. ಹಲ್ಲಿ, ಮೊಸಳೆಗಿಂತ ಅದು ನಮಗೇ ಹತ್ತಿರದ ನೆಂಟ. ಡೈನೋಸಾರ್ ತಲೆಬುರುಡೆಯಲ್ಲಿ ಕಣ್ಣಿನ ಹಿಂದೆ ಒಂದೊಂದು ಬದಿಗೆ ಎರಡು ತೂತು, ಇದಕ್ಕೆ ಒಂದೇ. ಸಸ್ತನಿಗಳ ವಂಶದ ಗುರುತು ಅದು.

ನಾನು ಬಳ್ಳಾರಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಡೈನೋಸಾರ್ ಸತ್ತ ಮೇಲೆ ಸಸ್ತನಿಗಳು ಹುಟ್ಟಿದವು ಅಂತಲೇ ಜಾಸ್ತಿ ಮಕ್ಕಳು ನಂಬಿದ್ದಾರೆ. ಪೇಪರಲ್ಲೂ ಹಾಗೇ ಬಂದರೆ ಅದನ್ನು ತಿದ್ದುವುದು ಎಷ್ಟು ಕಷ್ಟ ಅಲ್ವಾ?

ನಿಜವಾದ ಕಥೆ ಇನ್ನೂ ಚೆನ್ನಾಗಿದೆ. ಅಮೆರಿಕದ ಅರಿಜೋನಾದಲ್ಲಿ ಸಿಕ್ಕ ಕಯೆಂಟಾಥೀರಿಯಂ ಅನ್ನುವ ಪ್ರಾಣಿ ಸುಮಾರು 18.5 ಕೋಟಿ ವರ್ಷ ಹಳೆಯದು, ಅಂದರೆ ಡೈನೋಸಾರ್‌ಗಳ ಕಾಲದ್ದೇ. ಅದು ಸಸ್ತನಿಗಳ ತೀರಾ ಹತ್ತಿರದ ಸಂಬಂಧಿ. ಕಲ್ಲಿನೊಳಗೆ ದೊಡ್ಡ ಪ್ರಾಣಿಯ ಜೊತೆ ಕಡಿಮೆ ಅಂದರೂ 38 ಮರಿಗಳಿದ್ದವು! ಟೆಕ್ಸಾಸ್ ವಿಶ್ವವಿದ್ಯಾಲಯದ ಇವಾ ಹಾಫ್‌ಮನ್ ಮತ್ತು ತಿಮೋತಿ ರೋವ್ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿ 2018ರಲ್ಲಿ ಪ್ರಕಟಿಸಿದರು. ಇಂದಿನ ಯಾವ ಸಸ್ತನಿಯೂ ಸಾಮಾನ್ಯವಾಗಿ ಒಂದೇ ಸಲಕ್ಕೆ ಅಷ್ಟು ಮರಿ ಹಾಕುವುದಿಲ್ಲ. ಮರಿಗಳ ತಲೆಬುರುಡೆಯ ಆಕಾರ ದೊಡ್ಡದರದ್ದೇ, ಅಳತೆ ಮಾತ್ರ ಚಿಕ್ಕದು. ನಮ್ಮ ಕೂಸುಗಳ ಹಾಗೆ ಗುಂಡು ತಲೆ, ಗಿಡ್ಡ ಮುಖ ಇಲ್ಲ. ಅಂದರೆ ಮಿದುಳು ದೊಡ್ಡದಾಗಿದ್ದು ಆಮೇಲೆ, ಮರಿಗಳ ಸಂಖ್ಯೆ ಇಳಿದಿದ್ದೂ ಅದರ ಜೊತೆಗೇ ಅನ್ನುವುದು ಅವರ ವಾದ. ಒಂದು ಪ್ರಾಣಿ ಹೇಗೆ ಬೆಳೆಯುತ್ತಿತ್ತು ಅನ್ನುವುದನ್ನೂ ಕಲ್ಲು ಹೇಳುತ್ತದೆ ನೋಡಿ.

ಕಿವಿಯದ್ದೂ ಹಾಗೇ. ನಮ್ಮ ಕಿವಿಯೊಳಗಿನ ಮೂರು ಪುಟ್ಟ ಮೂಳೆಗಳಲ್ಲಿ ಎರಡು, ಆ ಹಳೆಯ ಪ್ರಾಣಿಗಳಲ್ಲಿ ದವಡೆಯ ಕೀಲಾಗಿದ್ದವು. ಆಗತಾನೇ ಹುಟ್ಟಿದ ಕಾಂಗರೂ ಮರಿಯಲ್ಲಿ ಈಗಲೂ ಅವು ದವಡೆಗೆ ಅಂಟಿಕೊಂಡೇ ಇರುತ್ತವೆ.

ನಮ್ಮ ಬಳ್ಳಾರಿ ಬೆಟ್ಟಗಳಲ್ಲಿ ಇಂಥ ಮೂಳೆ ಸಿಗುವುದಿಲ್ಲ. ಇಲ್ಲಿನ ಬಂಡೆಗಳು ಮೂಳೆ ಇರುವ ಪ್ರಾಣಿಗಳೇ ಹುಟ್ಟುವ ಮೊದಲಿನವು. ಆದರೆ ಪಕ್ಕದ ತೆಲಂಗಾಣದ ಗೋದಾವರಿ ಕಣಿವೆಯಲ್ಲಿ ಡೈನೋಸಾರ್ ಕಾಲದ ಪುಟ್ಟ ಸಸ್ತನಿಗಳ ಹಲ್ಲುಗಳು ಸಿಕ್ಕಿವೆ. ಅದನ್ನು ನಮ್ಮ ಮಕ್ಕಳಿಗೆ ಯಾರು ಹೇಳಬೇಕು?

ದಯವಿಟ್ಟು ಮುಂದಿನ ಮಕ್ಕಳ ಪುಟದಲ್ಲೇ ತಿದ್ದುಪಡಿ ಹಾಕಿ. ಸುಮ್ನೆ ಮೂಲೆಯಲ್ಲಿ ಎರಡು ಸಾಲು ಬೇಡ, ಆ ಚಿತ್ರ ಹಾಕಿದಷ್ಟೇ ದೊಡ್ಡದಾಗಿ ಹಾಕಿ.

– ಒಬ್ಬ ವಿಜ್ಞಾನ ಶಿಕ್ಷಕಿ, ಬಳ್ಳಾರಿ